ಮಳೆಗಾಲದ ದ್ವೀಪ, ಬೇಸಿಗೆಯ ಗೋಡೆ

ಮಾಕುಟ್ಟದಿಂದ ಘಾಟಿ ಹತ್ತಿ, ವಿರಾಜಪೇಟೆ ದಾಟಿ ಹಾಸನದ ಕಡೆಗೆ ಹೊರಟಾಗ ಮಗಳದು ಒಂದೇ ಪ್ರಶ್ನೆ: "ದ್ವೀಪದ ಚರ್ಚ್ ಅಂದರೆ ದೋಣಿಯಲ್ಲಿ ಹೋಗಬೇಕಲ್ಲವೇ?" ವಿರಾಜಪೇಟೆಯಲ್ಲಿ 1792ರ ಸಂತ ಅನ್ನಮ್ಮನವರ ಚರ್ಚನ್ನು ಅವಳು ಚಿಕ್ಕಂದಿನಿಂದ ನೋಡಿದವಳು. ಶೆಟ್ಟಿಹಳ್ಳಿಯದು ಬೇರೆಯೇ ಕಥೆ.

ಇದು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ. ಎಷ್ಟೋ ಹೊಲಗಳಿಗೆ ನೀರು ಬಂತು. ಇಲ್ಲಿನ ಜನ ಮಾತ್ರ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಚರ್ಚ್ ಅಲ್ಲೇ ಉಳಿಯಿತು.

ನಾವು ಹೋದದ್ದು ಮಳೆಗಾಲ. ಸುತ್ತಲೂ ನೀರು, ನಡುವೆ ಅರ್ಧ ಮುಳುಗಿದ ಗೋಡೆಗಳು. ಸೆಳೆತವಿದ್ದ ನೀರಿಗೆ ಇಳಿಯದೆ ದಡದಿಂದಲೇ ನೋಡಿ ಮರಳಿದೆವು. ಮಗಳಿಗೆ ಬೇಸರವಾಯಿತು. ಬೇಸಿಗೆಗೆ ಮತ್ತೆ ಬರುವ ಮಾತು ಕೊಟ್ಟೆ.

ಬೇಸಿಗೆಯಲ್ಲಿ ಒಣಗಿದ ನೆಲದ ಮೇಲೆ ನಡೆದೇ ಒಳಗೆ ಹೋದೆವು. ಮಾಡಿಲ್ಲ, ಬಣ್ಣದ ಗಾಜಿಲ್ಲ. ತಲೆಯ ಮೇಲೆ ಬರೀ ಆಕಾಶ. ಆದರೂ ಮೊನೆಯಾದ ಕಮಾನುಗಳು ನಿಂತಿವೆ. ಗಾಥಿಕ್ ಶೈಲಿಯ ಗುಟ್ಟು ಅದೇ. ಕಮಾನು ಮೇಲಿನ ಭಾರವನ್ನು ಎರಡು ಪಕ್ಕಕ್ಕೆ ಹಂಚಿ ನೆಲಕ್ಕೆ ಇಳಿಸುತ್ತದೆ. ಮೊನೆ ಎತ್ತರವಾದಷ್ಟೂ ಪಕ್ಕಕ್ಕೆ ತಳ್ಳುವ ಬಲ ಕಡಿಮೆ. ಎರಡು ಇಸ್ಪೀಟೆಲೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ ಇದು ಮಕ್ಕಳಿಗೆ ತಿಳಿಯುತ್ತದೆ. ಅಗಲಕ್ಕೆ ಇಟ್ಟರೆ ಜಾರುತ್ತವೆ, ಕಡಿದಾಗಿ ಇಟ್ಟರೆ ನಿಲ್ಲುತ್ತವೆ. ವರ್ಷ ವರ್ಷವೂ ನೆನೆದು, ಒಣಗಿ, ಗಾರೆ ಉದುರುವ ಗೋಡೆಗೆ ಅಷ್ಟೇ ಆಸರೆ.

ಆ ಗೋಡೆಯ ತುಂಬ ಹೆಸರುಗಳು! ಮೊಳೆಯಿಂದ, ಕಲ್ಲಿನಿಂದ ಕೆತ್ತಿದವು. ಜೊತೆಗೆ ಬಾಣ ಚುಚ್ಚಿದ ಹೃದಯಗಳು. ಮಗಳು ಓದುತ್ತಾ ಹೋದಳು. "ಈ ಊರಲ್ಲಿ ಇದ್ದವರ ಹೆಸರು ಯಾವುದಪ್ಪಾ?" ಎಂದಳು.

ಉತ್ತರ ಹೇಳಲಾಗಲಿಲ್ಲ. ಬಂದುಹೋದವರು ಹೆಸರು ಬರೆದಿದ್ದರು. ಬಾಳಿ ಬಿಟ್ಟುಹೋದವರ ಹೆಸರು ನಮಗೆಲ್ಲಿ ಗೊತ್ತು? ಮಕ್ಕಳಿಗೆ "ಗೀಚಬೇಡ" ಎನ್ನುವ ತಂದೆ-ತಾಯಂದಿರು ಈ ಪ್ರಶ್ನೆಯನ್ನೂ ಜೊತೆಗಿಟ್ಟರೆ ಒಳ್ಳೆಯದು.

ಹೊರಬರುವಾಗ ಅವಳು ಮೆಲ್ಲಗೆ ಕೇಳಿದಳು: "ನೀನು ಎಲ್ಲಾದರೂ ಬರೆದಿದ್ದೀಯಾ?"

ಕಾಲೇಜಿನ ಪ್ರವಾಸದಲ್ಲಿ ಒಂದು ಹಳೆಯ ಮಂಟಪದ ಕಂಬದ ಮೇಲೆ ಬರೆದದ್ದುಂಟು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಒಪ್ಪಿಕೊಂಡೆ.

"ಈಗಲೂ ಇದೆಯಾ?"

"ಇರಬೇಕು."

"ಮುಂದಿನ ರಜೆಗೆ ಅಲ್ಲಿಗೆ ಕರೆದುಕೊಂಡು ಹೋಗು" ಎಂದಳು. ರಜೆ ಹತ್ತಿರ ಬರುತ್ತಿದೆ.