ಒಂದು ಕುಂಡಕ್ಕೆ ಹತ್ತು ವರ್ಷ: ತಾರಸಿಯ ಗಾಂಜಾ ಗಿಡ ಮತ್ತು ಕಾನೂನಿನ ತಲೆಕೆಳಗಾದ ಲೆಕ್ಕ

ವಿಜಯನಗರದ ನಮ್ಮ ಮನೆ ತಾರಸಿಯಲ್ಲಿ ಕರಿಬೇವು, ದೊಡ್ಡಪತ್ರೆ, ನಾಲ್ಕು ಟೊಮೆಟೊ ಗಿಡ ಇವೆ. ಮೊನ್ನೆ ನೀರು ಹಾಕ್ತಿದ್ದಾಗ ಕೆಳಗಿನ ಮನೆಯ ಹುಡುಗ ಮೇಲೆ ಬಂದ. ಇಂಜಿನಿಯರಿಂಗ್ ಕೊನೆಯ ವರ್ಷ. ಮೆಲ್ಲಗೆ ಕೇಳಿದ: "ಅಣ್ಣಾ, ಇವುಗಳ ಮಧ್ಯೆ ಒಂದೇ ಒಂದು ಗಾಂಜಾ ಗಿಡ ಇದ್ರೆ ಏನಾಗುತ್ತೆ? ಮಾರಲ್ಲ, ನನಗೆ ಮಾತ್ರ."

ಪೆಡ್ಲರ್‌ಗಳ ಸಹವಾಸಕ್ಕಿಂತ ತಾನೇ ಬೆಳೆದುಕೊಳ್ಳೋದು ಸೇಫ್ ಅನ್ನೋದು ಅವನ ಲೆಕ್ಕ. ಕಾನೂನಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ.

1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ನೋಡಿ. ಒಂದು ಕೆ.ಜಿ.ವರೆಗಿನ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ ಅದು 'ಸಣ್ಣ ಪ್ರಮಾಣ'. ಗರಿಷ್ಠ ಶಿಕ್ಷೆ ಒಂದು ವರ್ಷ ಜೈಲು, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಗಿಡ ಬೆಳೆಸಿದರೆ? 10 ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಇಲ್ಲಿ ಸಣ್ಣದು, ದೊಡ್ಡದು ಎಂಬ ಭೇದವೇ ಇಲ್ಲ. ಒಂದು ಕುಂಡಕ್ಕೂ ಒಂದು ಎಕರೆಗೂ ಒಂದೇ ಸಾಲು. ಕನಿಷ್ಠ ಶಿಕ್ಷೆ ಇಷ್ಟೇ ಎಂದು ಹೇಳಿಲ್ಲವಾದ್ದರಿಂದ ನ್ಯಾಯಾಧೀಶರು ಕಡಿಮೆ ಕೊಡಬಹುದು, ನಿಜ. ಆದರೆ ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ.

ಅಂದರೆ ಪೆಡ್ಲರ್ ಹತ್ತಿರ 50 ಗ್ರಾಂ ಕೊಂಡವನಿಗಿಂತ, ಅವನನ್ನು ದೂರ ಇಟ್ಟು ಒಂದು ಗಿಡ ನೆಟ್ಟವನು ದೊಡ್ಡ ಅಪರಾಧಿ.

ಇದು ಬರೀ ಪುಸ್ತಕದ ಮಾತಲ್ಲ. 2024ರ ನವೆಂಬರ್‌ನಲ್ಲಿ ಸದಾಶಿವನಗರ ಪೊಲೀಸರು ಒಂದು ದಂಪತಿಯನ್ನು ಬಂಧಿಸಿದರು. ಬಾಲ್ಕನಿಯ ಹೂಕುಂಡಗಳ ವಿಡಿಯೊವನ್ನು ಹೆಂಡತಿ ಫೇಸ್‌ಬುಕ್‌ಗೆ ಹಾಕಿದ್ದರು. ಕುಂಡಗಳ ನಡುವೆ ಗಾಂಜಾ ಗಿಡ ಕಾಣಿಸಿತ್ತು. ವಶಪಡಿಸಿಕೊಂಡದ್ದು 54 ಗ್ರಾಂ. ಇನ್ನೊಂದು ತುದಿಯಲ್ಲಿ, 2021ರಲ್ಲಿ ಕೆಂಗೇರಿ ದಾಟಿದರೆ ಸಿಗುವ ಬಿಡದಿಯ ವಿಲ್ಲಾವೊಂದರಲ್ಲಿ ದೀಪ ಹಾಕಿ, ಮಣ್ಣಿಲ್ಲದೆ, ಮಾರಾಟಕ್ಕೆಂದೇ ಬೆಳೆಯುತ್ತಿದ್ದ ತೋಟವನ್ನು ಸಿಸಿಬಿ ಪತ್ತೆ ಮಾಡಿತು. ಇವೆರಡೂ ಒಂದೇನಾ? ಬೆಳೆಸಿದ ತಪ್ಪಿನ ಮಟ್ಟಿಗೆ ಕಾಯ್ದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತದೆ.

ವಿಚಿತ್ರ ಇಲ್ಲಿಗೇ ನಿಲ್ಲಲ್ಲ. ಕಾಯ್ದೆಯ ಪ್ರಕಾರ 'ಗಾಂಜಾ' ಅಂದರೆ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ ಮಾತ್ರ. ಆ ತುದಿ ಜೊತೆಗಿಲ್ಲದಿದ್ದರೆ ಎಲೆ ಮತ್ತು ಬೀಜ ಗಾಂಜಾ ಅಲ್ಲ. 2022ರಲ್ಲಿ ಬೇಗೂರು ಪೊಲೀಸರು 29 ಕೆ.ಜಿ. ಭಂಗ್ ಹಿಡಿದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಆರೋಪಿಗೆ ಜಾಮೀನು ಕೊಟ್ಟಿದ್ದು ಇದೇ ದಾರಿಯಲ್ಲಿ: ಭಂಗ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ತೋರಿಸುವುದಕ್ಕೆ ಏನೂ ಇಲ್ಲ ಎಂದಿತು. ಆದರೆ 8ನೇ ಸೆಕ್ಷನ್ ಗಿಡ ಬೆಳೆಸುವುದನ್ನೇ ನಿಷೇಧಿಸುತ್ತದೆ. ಹೂ ಬಿಟ್ಟಿದೆಯೋ ಇಲ್ಲವೋ ಅದು ಕೇಳಲ್ಲ. ತಾನಾಗಿ ಹುಟ್ಟಿದ ಗಿಡಕ್ಕೆ ಮಾತ್ರ ರಕ್ಷಣೆ ಉಂಟು. ಆರೋಪಿಯೇ ಬೆಳೆಸಿದ್ದು ಎಂದು ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ ಅಲಖ್ ರಾಮ್ ಪ್ರಕರಣದಲ್ಲಿ ಹೇಳಿದೆ. ಕುಂಡಕ್ಕೆ ಗೊಬ್ಬರ ಹಾಕಿ ವಿಡಿಯೊ ಮಾಡಿದವರಿಗೆ ಅದು ಉಪಯೋಗಕ್ಕೆ ಬರಲ್ಲ.

ನಮ್ಮ ಕಡೆ ಬಾಡಿಗೆದಾರರೇ ಹೆಚ್ಚು. ಹಾಗಾಗಿ ಇನ್ನೊಂದು ಮಾತು: 25ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಮನೆ ಮಾಲೀಕರಿಗೂ ಅದೇ ಶಿಕ್ಷೆ. ನಿಮ್ಮ ಒಂದು ಕುಂಡಕ್ಕೆ ಕೆಳಗಿನ ಮನೆಯ ಆಂಟಿ, ಅಂಕಲ್ ಕೂಡ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಬಹುದು.

ಈ ಗಿಡ ಕನ್ನಡ ನೆಲಕ್ಕೆ ಹೊಸದೇನಲ್ಲ. ಯಾದಗಿರಿ ಜಿಲ್ಲೆ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಾಗಿ ಸಿಗುತ್ತಿದ್ದದ್ದು ಸುದ್ದಿಯಾಗಿದೆ. ಹಾಗಂತ ಪರಂಪರೆಯ ಹೆಸರಲ್ಲಿ ಇದು ನಿರಪಾಯಕಾರಿ ಎಂದು ನಾನು ಹೇಳಲ್ಲ. ಚಿಕ್ಕ ವಯಸ್ಸಿನಲ್ಲಿ ಶುರುಮಾಡಿ ದಿನಾ ಸೇದುವವರಿಗೆ ಮನೋರೋಗದ ಅಪಾಯ ಹೆಚ್ಚು. ಬಿಡಬೇಕು ಅನ್ನಿಸಿದವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಪ್ರಶ್ನೆ ಇಷ್ಟೇ: ಈ ಅಪಾಯಕ್ಕೆ ಹತ್ತು ವರ್ಷದ ಜೈಲು ಮದ್ದಾ?

ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಮನೆಯಲ್ಲಿ ಮೂರು ಗಿಡದ ಮಿತಿ ಹಾಕಿದೆ. ನಾವು ಅಷ್ಟು ದೂರ ಹೋಗಬೇಕೋ ಬೇಡವೋ, ಚರ್ಚೆ ಮಾಡೋಣ. ಅದಕ್ಕೂ ಮೊದಲು ಮಾಡಬೇಕಾದ ಸಣ್ಣ ಕೆಲಸವಿದೆ. ಇಟ್ಟುಕೊಂಡವರಿಗೆ ಇರುವ 'ಸಣ್ಣ ಪ್ರಮಾಣ'ದ ಮೆಟ್ಟಿಲು ಬೆಳೆಸಿದವರಿಗೂ ಇರಲಿ. ಇದು ವಿಧಾನಸೌಧದ ಕೈಲಿಲ್ಲ, ಸಂಸತ್ತು ತಿದ್ದಬೇಕು. ವೋಟು ಕೇಳಲು ಬರುವ ಲೋಕಸಭಾ ಅಭ್ಯರ್ಥಿಗೆ ನಮ್ಮ ವಾರ್ಡಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ಕೊಂಡುಕೊಳ್ಳೋದೇ ವಾಸಿ ಅಂತ ಕಾನೂನೇ ಹೇಳ್ತಿದೆಯಲ್ಲಣ್ಣಾ" ಅಂದ. ಅದೂ ಅಪರಾಧವೇ ಕಣೋ ಅಂದೆ. ಆದರೆ ಅವನ ಮಾತಿನಲ್ಲಿದ್ದ ತರ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.