19 ವರ್ಷದ ಕಸುಬನ್ನು ಬಚ್ಚಿಡಬೇಕೇ?

ಗಿರಣಿಯ ಬಾಗಿಲಿಗೆ ಬೀಗ ಬಿದ್ದ ಮರುದಿನದಿಂದಲೇ ದುಡಿಮೆಗಾರನ ಮನೆಗೆ ಬುದ್ಧಿ ಹೇಳುವವರು ಬರತೊಡಗುತ್ತಾರೆ. ಸಾಲ ಕೊಟ್ಟವರಾದರೂ ಎರಡು ವಾರ ತಡೆದಾರು, ಇವರು ತಡೆಯರು. "ಹಳೇ ಸಂಬಳ ಬಾಯಿಬಿಡಬೇಡ, ಹೊರಗೆ ಕಳಿಸ್ತಾರೆ. ಅಷ್ಟು ವರ್ಷ ದುಡಿದೀನಿ ಅನ್ನಬೇಡ, ಸಂಘದವನು ಅಂತಾರೆ. ಕೊಟ್ಟಷ್ಟು ತಗೋ, ತಲೆ ತಗ್ಗಿಸಿ ನಡಿ." ಈ ಉಪದೇಶವನ್ನು ಮಾಲೀಕರೇ ಅಚ್ಚು ಹಾಕಿಸಿ ಹಂಚಿದ್ದಾರೇನೋ ಎಂಬಷ್ಟು ಸಲ ನಾವು ಕೇಳಿದ್ದೇವೆ.

ಕಳೆದ ತಿಂಗಳು ನಮ್ಮ ಕಛೇರಿಗೆ ಬಂದ ಕಾರ್ಮಿಕ ಬಂಧುವೊಬ್ಬರು ಈ ಮಾತನ್ನು ನಂಬಿದವರು. ನೂಲಿನ ಗಿರಣಿಯ ರಿಂಗ್ ಫ್ರೇಮ್ ಖಾತೆಯಲ್ಲಿ 19 ವರ್ಷ ದುಡಿದವರು. ನೂಲಿಗೆ ಗಿರಾಕಿಯಿಲ್ಲವೆಂದು ಗಿರಣಿ ನಿಂತಿತು. ಐದು ತಿಂಗಳು ಅಲೆದು, ಕೊನೆಗೆ ಒಂದು ಸಣ್ಣ ಕಾರ್ಖಾನೆಯಲ್ಲಿ 'ಎರಡು ವರ್ಷದ ಅನುಭವ' ಎಂದು ಬರೆದುಕೊಟ್ಟು ಹೆಲ್ಪರ್ ಕೆಲಸಕ್ಕೆ ಸೇರಿದರು. ನಾಲಿಗೆ ಹೇಳಿದ ಸುಳ್ಳನ್ನು ಕೈ ಎಷ್ಟು ದಿನ ಕಾಪಾಡೀತು? ಎಳೆ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸುವ ಕೈ ಅದು. ಮೇಸ್ತ್ರಿ ಮೂರೇ ದಿನದಲ್ಲಿ ಕಂಡುಕೊಂಡ. ನಾಲ್ಕನೆಯ ದಿನದಿಂದ ಫ್ರೇಮು ನೋಡಿಕೊಳ್ಳುವ ಕೆಲಸ ಇವರದು, ಸಂಬಳ ಮಾತ್ರ ಹೆಲ್ಪರನದು. ಎರಡು ತಿಂಗಳು ಬಿಟ್ಟು ಹೆಚ್ಚು ಕೇಳಿದಾಗ ಮಾಲೀಕರು ಅರ್ಜಿಯನ್ನು ತೆಗೆದು ಮುಂದೆ ಹಿಡಿದರು: "ಎರಡು ವರ್ಷ ಅಂತ ನೀನೇ ಬರೆದಿದ್ದೀಯಲ್ಲಪ್ಪ!"

ಈ ಬಂಧುವನ್ನು ಬೈಯಲು ನಮಗೆ ಬಾಯಿಲ್ಲ. ಒಲೆ ಉರಿಯದ ಮನೆಯ ಮುಂದೆ ನಿಂತು ಹರಿಶ್ಚಂದ್ರನಾಗು ಎನ್ನುವುದು ಸುಲಭ. ಶಾಲೆಯಲ್ಲಿ ಆ ಕಥೆಯನ್ನು ಪಾಠ ಹೇಳಿದವರು ನಾವು. ಹರಿಶ್ಚಂದ್ರನೂ ಸುಡುಗಾಡಿನ ಕೂಲಿಗೆ ನಿಲ್ಲಬೇಕಾಯಿತೆಂಬುದನ್ನು ಬಲ್ಲೆವು. ಇಲ್ಲಿ ನಾವು ಹೇಳುವುದು ಬರಿಯ ಲೆಕ್ಕ. ಮಾಲೀಕ ತನ್ನ ಯಂತ್ರದ ಬೆಲೆಯನ್ನು ಬ್ಯಾಂಕಿನಲ್ಲಿಯೂ ಬಜಾರಿನಲ್ಲಿಯೂ ಹೇಳಿಕೊಂಡು ತಿರುಗುತ್ತಾನೆ. ದುಡಿಮೆಗಾರ ಮಾತ್ರ ತನ್ನ ಏಕೈಕ ಬಂಡವಾಳವಾದ ಕಸುಬನ್ನು ಪಂಚೆಯಲ್ಲಿ ಮುಚ್ಚಿಟ್ಟುಕೊಂಡು ಹೋಗಿ ಪುಕ್ಕಟೆ ಕೊಟ್ಟು ಬರಬೇಕೇ? ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲನಿಗೆ ಒಂದು ದರ, ಅಕುಶಲನಿಗೆ ಇನ್ನೊಂದು. ಅನುಭವವನ್ನು ಬಚ್ಚಿಟ್ಟವನು ತಾನಾಗಿಯೇ ಕೆಳಗಿನ ದರಕ್ಕೆ ಇಳಿಯುತ್ತಾನೆ. ಸಾಲದೆಂಬಂತೆ ಹಳೆಯ ಭವಿಷ್ಯನಿಧಿ ನಂಬರನ್ನೂ ಮುಚ್ಚಿಟ್ಟರೆ, ಸೇವೆಯ ವರ್ಷಗಳ ಮೇಲೆ ನಿಂತಿರುವ ಪಿಂಚಣಿಯ ಲೆಕ್ಕವೂ ತೊಡಕಿಗೆ ಬೀಳುತ್ತದೆ.

ಕಡಿಮೆ ಸಂಬಳಕ್ಕೆ ಹೋಗುವುದು ಅವಮಾನವೇನೂ ಅಲ್ಲ. ಬಜಾರು ಬಿದ್ದಾಗ ಹಳೆಯ ಸಂಬಳ ಸಿಗದಿರಬಹುದು. ಹೋಗಿ ಹೀಗೆನ್ನಿ: "ಸ್ವಾಮಿ, ನನ್ನ ಕಸುಬು ಇದು, ದುಡಿದ ವರ್ಷ ಇಷ್ಟು, ಬರುತ್ತಿದ್ದ ಸಂಬಳ ಇಷ್ಟು. ಈಗ ಅಷ್ಟು ಸಿಗದೆಂದು ಬಲ್ಲೆ. ಇಷ್ಟಕ್ಕೆ ಬರುತ್ತೇನೆ, ಇದಕ್ಕಿಂತ ಕೆಳಗೆ ಮನೆ ನಡೆಯದು. ಆರು ತಿಂಗಳ ಮೇಲೆ ಮತ್ತೆ ಕೂತು ಮಾತಾಡೋಣ, ಕಾಗದದಲ್ಲಿ ಬರೆದುಕೊಡಿ." ಮಾಲೀಕರು ಕೇಳಿಯೇ ಕೇಳುತ್ತಾರೆ: "ಒಳ್ಳೇ ಕೆಲಸ ಸಿಕ್ಕರೆ ಓಡಿಹೋಗ್ತೀಯಲ್ಲ?" ಆಗಲೂ ನಿಜವನ್ನೇ ಹೇಳಿ: "ಸಿಕ್ಕರೆ ಹೋಗುತ್ತೇನೆ. ಒಂದು ತಿಂಗಳು ಮೊದಲೇ ತಿಳಿಸಿ ಹೋಗುತ್ತೇನೆ." ಕಾಗದ ಕೇಳಲು ಅಂಜಬೇಕಾಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಬಗ್ಗೆ ನಮಗೆ ನೂರು ತಕರಾರುಗಳಿವೆ, ಆದರೆ ನೇಮಕಾತಿ ಪತ್ರ ಕೊಡಬೇಕೆಂಬ ಮಾತು ಅವುಗಳಲ್ಲಿಯೇ ಇದೆ.

ಇನ್ನು ಮಾಲೀಕರ ಪ್ರಾಮಾಣಿಕತೆ. ಸತ್ಯ ಹೇಳುವ ಭಾರವೆಲ್ಲ ಹಸಿದವನ ತಲೆಯ ಮೇಲೆಯೇ ಏಕೆ? ವ್ಯಾಪಾರ ಬಿದ್ದಿದೆ ಎನ್ನುವವರು ಆರ್ಡರಿನ ಪುಸ್ತಕ ತೋರಿಸಲಿ. ಬಿದ್ದ ವ್ಯಾಪಾರ ಎದ್ದಾಗ ಸಂಬಳವೂ ಏಳುವುದೋ ಇಲ್ಲವೋ ಹೇಳಲಿ. ಕೈಗೆ ಕೊಡುವುದು ಒಂದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವುದು ಇನ್ನೊಂದು ಎಂಬ ಎರಡು ಲೆಕ್ಕದ ವಿದ್ಯೆ ಅವರ ಮನೆಯ ಆಸ್ತಿಯೇ ಹೊರತು ನಮ್ಮದಲ್ಲ. ಆ ಸಹಿಯನ್ನು ಯಾರೂ ಹಾಕಕೂಡದು. ಕನಿಷ್ಠ ವೇತನ ಕೊಡಲಾಗದ ಉದ್ಯಮಕ್ಕೆ ಬದುಕುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಕ್ರೌನ್ ಅಲ್ಯುಮಿನಿಯಂ ಪ್ರಕರಣದಲ್ಲಿ 1950ರ ದಶಕದಲ್ಲಿಯೇ ಹೇಳಿತು. ಅದಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಬಿಟ್ಟಿ ಚಾಕರಿಗೆ ಸಮವೆಂದು 1982ರ ಏಷ್ಯಾಡ್ ಪ್ರಕರಣದಲ್ಲಿ ಹೇಳಿತು. ಚೌಕಾಸಿ ಏನಿದ್ದರೂ ಆ ಗೆರೆಯ ಮೇಲೆ. ಹಸಿದವನು ಅದರ ಕೆಳಗೆ ಒಪ್ಪಿಕೊಂಡು ಬರೆದುಕೊಟ್ಟರೂ ಆ ಕರಾರು ನಿಲ್ಲದು.

ನಮ್ಮ ಸಂಗಾತಿಗಳಲ್ಲಿಯೇ ಕೆಲವರು, ಕಡಿಮೆಗೆ ಹೋಗುವವನು ಉಳಿದವರ ಅನ್ನಕ್ಕೆ ಕಲ್ಲು ಹಾಕುತ್ತಾನೆ ಎನ್ನುತ್ತಾರೆ. ಬೊಂಬಾಯಿಯನ್ನು ನೆನೆಯಿರಿ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ತಿಂಗಳುಗಳು ಉರುಳಿದವು, ಗಿರಣಿಯ ಬಟ್ಟೆಯನ್ನು ಭಿವಂಡಿಯ ಪವರ್‌ಲೂಮುಗಳು ನೇಯತೊಡಗಿದವು, ಹಸಿದ ಎಷ್ಟೋ ಕಾರ್ಮಿಕರು ಅದೇ ಲೂಮುಗಳ ಮುಂದೆ ಕಡಿಮೆ ಕೂಲಿಗೆ, ಹನ್ನೆರಡು ಗಂಟೆಯ ಪಾಳಿಗೆ ನಿಂತರು. ಅವರನ್ನು ದ್ರೋಹಿಗಳೆನ್ನಲು ನಮಗೆ ಮನಸ್ಸು ಬಾರದು. ಒಬ್ಬೊಬ್ಬರೇ ಹೋಗಿ, ಪಕ್ಕದವನಿಗೆ ತಿಳಿಯದಂತೆ ಒಪ್ಪಿಕೊಳ್ಳುವುದರಲ್ಲಿಯೇ ದರ ಕುಸಿಯುತ್ತದೆ. ಒಂದೇ ಗಿರಣಿಯಿಂದ ಹೊರಬಿದ್ದ ನಾಲ್ವರು ಚಹದಂಗಡಿಯಲ್ಲಿ ಕೂತು 'ಇದಕ್ಕಿಂತ ಕೆಳಗೆ ಯಾರೂ ಒಪ್ಪುವುದಿಲ್ಲ' ಎಂದು ಒಂದು ಮೊತ್ತವನ್ನು ಗೊತ್ತುಮಾಡಿಕೊಂಡು ಹೋದರೆ ಮಾಲೀಕರ ಚೌಕಾಸಿಯ ಹಲ್ಲು ಅರ್ಧ ಉದುರುತ್ತದೆ.

ವ್ಯಾಪಾರಿ ಮಿತ್ರರಿಗೂ ಎರಡು ಮಾತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹತ್ತಿಗಿರಣಿಗಳು ಮುಚ್ಚಿದವು. ಗಿರಣಿಯ ಪಗಾರ ನಿಂತರೆ ಉದ್ರಿ ಪುಸ್ತಕದ ಗತಿ ಏನೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ನಿಮ್ಮ ಅಂಗಡಿಗೇ ಕೆಲಸ ಕೇಳಿಕೊಂಡು ಬಂದ ಗಿರಣಿಯವನಿಗೆ 'ಇಷ್ಟೇ ಕೊಡಬಲ್ಲೆ, ಕಾರಣ ಇದು' ಎಂದು ಲೆಕ್ಕ ಬಿಚ್ಚಿ ಹೇಳಿ. ಆತನ ಸಂಬಳದ ಬಹುಪಾಲು ಮತ್ತೆ ನಿಮ್ಮ ಬೀದಿಯಲ್ಲಿಯೇ ಖರ್ಚಾಗುವುದು.

ಮೇಲೆ ಹೇಳಿದ ಬಂಧು ಹೋದ ಸೋಮವಾರ ಹಳೆಯ ಗಿರಣಿಯ ಸೇವಾ ಪತ್ರವನ್ನು ಹಿಡಿದು ಮಾಲೀಕರ ಮುಂದೆ ನಿಂತರು. ಹಸಿವಿನಿಂದ ಸುಳ್ಳು ಬರೆದೆನೆಂದು ಒಪ್ಪಿಕೊಂಡರು, ಮಾಡುತ್ತಿರುವ ಕೆಲಸದ ದರವನ್ನು ಕೇಳಿದರು. ಜೊತೆಗೆ ಅದೇ ಪಾಳಿಯ ಇಬ್ಬರಿದ್ದರು. ಯೋಚಿಸಿ ಹೇಳುತ್ತೇನೆ ಎಂದಿದ್ದಾರಂತೆ ಮಾಲೀಕರು. ಗಡುವು ಶನಿವಾರ.