ಯಂತ್ರಕ್ಕಿಂತ ಮೊದಲು ನರ್ಸಮ್ಮ ಬೇಕು

ಊರಿನ ಆರೋಗ್ಯ ಶಿಬಿರಕ್ಕೆ ಗರ್ಭಕಂಠದ ಕ್ಯಾನ್ಸರ್ ಪತ್ತೆಹಚ್ಚುವ ಕಂಪ್ಯೂಟರ್ ಯಂತ್ರ ಕೊಡಿಸೋಣ ಅಂತ ಕೆಲವು ಸಹೋದರರು ಹೇಳ್ತಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ದಿನವಿಡೀ ಲೆಕ್ಕ ಬರೆಯುವ ನಮಗೆ ಈ ಲೆಕ್ಕ ಕೂಡಿ ಬರುತ್ತಿಲ್ಲ.

ಯಂತ್ರ ಓದುವುದು ಸ್ಲೈಡನ್ನು. ನಮ್ಮ ಹೆಂಗಸರು ಪರೀಕ್ಷೆಗೆ ಬಂದರೆ ತಾನೇ ಸ್ಲೈಡು? ಲಕ್ಷ ಸ್ಲೈಡ್ ಓದುವ ಲ್ಯಾಬಿನಲ್ಲಿ ಯಂತ್ರದ ಬೆಲೆ ಹಂಚಿಹೋಗುತ್ತದೆ. ಇನ್ನೂರು ಸ್ಲೈಡಿನ ಶಿಬಿರದಲ್ಲಿ ಅಷ್ಟೂ ಭಾರ ಆ ಇನ್ನೂರರ ಮೇಲೆಯೇ. ಇಂಗ್ಲೆಂಡಿನಲ್ಲಿ ಹೋಲಿಸಿ ನೋಡಿದ್ದಾರೆ: 2011ರ ವರದಿಯಂತೆ ಕಂಪ್ಯೂಟರ್ ನೆರವು ಸಮಯ ಉಳಿಸಿತು, ಆದರೆ ಕ್ಯಾನ್ಸರಿಗೆ ತಿರುಗಬಹುದಾದ ದೋಷಗಳನ್ನು ಮನುಷ್ಯರಿಗಿಂತ ಶೇ. 8ರಷ್ಟು ಕಡಿಮೆ ಹಿಡಿಯಿತು.

ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್‌ನವರು ಹತ್ತನೇ ತರಗತಿ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು, ಎರಡು ವರ್ಷಕ್ಕೊಮ್ಮೆ ವಿನೆಗರ್ ಹಚ್ಚಿ ಪರೀಕ್ಷಿಸಿದರು. ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು.

ಯಂತ್ರದ ಮೇಲೆ ದಾನಿಗಳ ಹೆಸರು ಬರೆಸಬಹುದು, ವಿನೆಗರ್ ಬಾಟಲಿ ಮೇಲೆ ಆಗಲ್ಲ, ನಿಜ. ಆದರೆ ಇದು ಒಂದೇ ರೂಮಿನಲ್ಲಿ ಎಂಟು ಜನ ಮಲಗಿ ಉಳಿಸಿದ ದುಡ್ಡು. ಅದರಲ್ಲಿ ತರಬೇತಾದ ನರ್ಸಮ್ಮ, ಮರೆಯಿರುವ ಕೋಣೆ, ಬಸ್ ಖರ್ಚು, ದೋಷ ಕಂಡವರಿಗೆ ಚಿಕಿತ್ಸೆ ಕೊಡಿಸೋಣ. ಮನೆಯಲ್ಲಿ ಮೂವತ್ತು ದಾಟಿದವರಿಗೆ ಇವತ್ತೇ ಫೋನ್ ಮಾಡಿ, ‘ಪರೀಕ್ಷೆ ಮಾಡಿಸ್ಕೋ’ ಅನ್ನೋಣ. ಅದಕ್ಕೆ ಯಾವ ಯಂತ್ರವೂ ಬೇಡ.